ಕತ್ತು ನೋವು, ಅಮೃತಾಂಜನ ಮತ್ತು ತಾಳೆಯಾಗದ ಸಹಿ

ಕಲ್ಕತ್ತೆಗೆ ಬಂದು 26 ವರ್ಷವಾಯ್ತು. ಇಲ್ಲಿ ಯಾರಿಗೆ ಕತ್ತು ನೋವು ಬಂದರೂ ಅದಕ್ಕೆ ಒಂದೇ ಹೆಸರು, ಸ್ಪಾಂಡಿಲೈಟಿಸ್. ಕಾಲರ್ ಕಟ್ಟಿಕೊಂಡೇ ಡಾಲ್‌ಹೌಸಿಯ ಆಫೀಸಿಗೆ ಬರುವ ಬಾಬುಗಳನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮೂರ ಕಡೆ ಆದರೆ ಅದು ಉಳುಕು. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಒದೆಸಿಕೊಂಡರೆ ಹೋಗುತ್ತದೆ ಅನ್ನುವವರು ಈಗಲೂ ಇದ್ದಾರೆ! ಎರಡೂ ಊರಿನವರು ಡಾಕ್ಟರ ಹತ್ತಿರ ಹೋಗುವುದು ಮಾತ್ರ ಕಟ್ಟಕಡೆಗೆ.

ಹೆಚ್ಚಿನ ಕತ್ತು ನೋವಿಗೆ ಡಾಕ್ಟರು ಬೇಕಿಲ್ಲ ಅನ್ನುವುದೂ ನಿಜವೇ. ದಿನವಿಡೀ ಕಂಪ್ಯೂಟರು, ಸಂಜೆ ಮೊಬೈಲು ಅಂತ ಬಗ್ಗಿಕೊಂಡಿರುವ ಕತ್ತು ನೋಯದೆ ಇನ್ನೇನು? ಬಿಸಿನೀರಿನ ಶಾಖ, ಅಮೃತಾಂಜನ, ಸ್ವಲ್ಪ ಓಡಾಟ... ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಹೋಗುತ್ತದೆ. ನನ್ನ ತಕರಾರು ಏನಪ್ಪಾ ಅಂದರೆ, ನೋವು ಎಷ್ಟಿದೆ ಅಂತ ಅಳೆಯುತ್ತೇವೆಯೇ ಹೊರತು ಅದರ ಜೊತೆ ಇನ್ನೇನು ಬಂದಿದೆ ಅಂತ ನೋಡುವುದಿಲ್ಲ.

ನವೆಂಬರ್ ಬಂದರೆ ನಮ್ಮ ಬ್ಯಾಂಕುಗಳಲ್ಲಿ ಜೀವಿತ ಪ್ರಮಾಣಪತ್ರ ಕೊಡುವ ಪಿಂಚಣಿದಾರರ ಸಾಲು. ಕೆಲವು ವರ್ಷದ ಹಿಂದೆ ಒಬ್ಬ ಹಿರಿಯರ ಸಹಿ ಮೂರು ಸಲ ಹಾಕಿಸಿದರೂ ತಾಳೆಯಾಗಲಿಲ್ಲ. "ಬೊಯೋಸ್ ಹೊಯೇಛೆ", ವಯಸ್ಸಾಯ್ತು ಅಂತ ನಕ್ಕರು. ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ. ಅಂಗಿಯ ಗುಂಡಿಯನ್ನೂ ತಾನೇ ಹಾಕಬೇಕು, ನಡೆಯುವಾಗ ಕಾಲು ಎಲ್ಲೋ ಬೀಳುತ್ತದೆ ಅಂದರು. ಕತ್ತು ನೋವೋ? ಇದೆ, ಅಷ್ಟೇನಿಲ್ಲ, ಎಣ್ಣೆ ಹಚ್ಚುತ್ತಿದ್ದೇವೆ! ಆಮೇಲೆ ಎಂಆರ್‌ಐ ಮಾಡಿಸಿದಾಗ ಕತ್ತಿನಲ್ಲಿ ಬೆನ್ನುಹುರಿ ಒತ್ತಿಹೋಗಿತ್ತು. ಆಪರೇಷನ್ ಆಯಿತು, ಇನ್ನಷ್ಟು ಹದಗೆಡುವುದು ನಿಂತಿತು. ಹಳೆಯ ಸಹಿ ಮಾತ್ರ ತಿರುಗಿ ಬರಲಿಲ್ಲ. ಹೊಸ ಮಾದರಿ ಸಹಿ ತೆಗೆದುಕೊಂಡೆವು. ಒತ್ತಡ ಬಹಳ ದಿನ ಇದ್ದರೆ ಹುರಿಗೆ ಆದ ಹಾನಿ ಪೂರ್ತಿ ವಾಪಸಾಗುವುದು ಕಷ್ಟವಂತೆ. ಹಾಗಾಗಿ ಕೈಬರಹ ಕೆಟ್ಟರೆ, ಕೈಯಿಂದ ಲೋಟ ಜಾರಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ನೋವು ಕಡಿಮೆ ಇದೆ ಅಂತ ಸಮಾಧಾನ ಪಡಬೇಡಿ.

ಇನ್ನು ಸೆಲೂನಿನ ಮಸಾಜು. ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು 'ಲಟಕ್' ಅಂತ ತಿರುಗಿಸುತ್ತಾರಲ್ಲ, ಆ ಪುಕ್ಕಟೆ ಸೇವೆ! 2024ರಲ್ಲಿ ಬಳ್ಳಾರಿಯ ಸುಮಾರು 30 ವರ್ಷದ ಯುವಕನೊಬ್ಬ ಇದನ್ನು ಮಾಡಿಸಿಕೊಂಡು ಮನೆಗೆ ಹೋದ ಮೇಲೆ ಮಾತು ಹೋಗಿ, ಎಡಭಾಗ ಬಲಹೀನವಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು. ಪುಣ್ಯಕ್ಕೆ ಚೇತರಿಸಿಕೊಂಡ. ಹಿಂದೆಂದೂ ಕಾಣದಂಥ ಕತ್ತು ನೋವು ದಿಢೀರನೆ ಬಂದು, ಜೊತೆಗೆ ತಲೆಸುತ್ತು, ತೊದಲು ಮಾತು, ಎರಡೆರಡಾಗಿ ಕಾಣುವುದು ಇದ್ದರೆ ನೇರ ಆಸ್ಪತ್ರೆಗೆ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಕಲ್ಕತ್ತೆಯ ಟ್ರಾಫಿಕ್ಕನ್ನೂ ಅದರಲ್ಲೇ ಕಳೆಯಬೇಕು.

ಜ್ವರ, ತಲೆನೋವಿನ ಜೊತೆ ಗದ್ದ ಎದೆಗೆ ತಾಗಿಸಲಾಗದಷ್ಟು ಕತ್ತು ಬಿಗಿದರೆ ಮಿದುಳು ಜ್ವರದ ಅನುಮಾನ, ಅದೂ ತುರ್ತೇ. ಬಿದ್ದು ಅಥವಾ ಗಾಡಿ ಗುದ್ದಿ ಬಂದ ನೋವೂ ಅಷ್ಟೇ. ಕತ್ತು, ದವಡೆ, ಎಡಗೈ ಹಿಡಿದು ಬೆವರಿದರೆ ಹೃದಯ ನೋಡಿಸಿ. ಗ್ಯಾಸ್ ಅಂತ ಬಂಗಾಳಿಗಳ ಹಾಗೆ ಮಾತ್ರೆ ನುಂಗಿ ಕೂರಬೇಡಿ. ರಾತ್ರಿ ಮಲಗಿದರೂ ಬಿಡದ ನೋವು, ತೂಕ ಇಳಿಯುವುದು, ಸಂಜೆ ಜ್ವರ ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ.

ಊರಿಂದ ಬಂದ ಅಪ್ಪ ಅಮ್ಮ ಇಲ್ಲಿದ್ದರೆ ಇನ್ನೊಂದು ಕಷ್ಟ. 'ಕೈ ಜೋಮು ಹಿಡೀತದೆ' ಅನ್ನುವುದು ಇಲ್ಲಿನ ನರ್ಸಮ್ಮನಿಗೆ ಹೇಗೆ ತಿಳಿಯಬೇಕು? ಬಂಗಾಳಿಯಲ್ಲಿ ಅದು 'ಝಿನ್‌ಝಿನ್'. ಕತ್ತು ನೋವು ಅಂದರೆ 'ಘಾಡೇ ಬ್ಯಾಥಾ'. ಒಂದು ಚೀಟಿಯಲ್ಲಿ ಬರೆದು ಅವರ ಕನ್ನಡಕದ ಡಬ್ಬಿಯಲ್ಲಿ ಇಟ್ಟುಬಿಡಿ. ಸರ್ಕಾರಿ ಆಸ್ಪತ್ರೆಯೇ ಸಾಕು ಅನ್ನುವವರಿಗೆ, ಇಲ್ಲಿಯವರು ಪೀಜಿ ಅನ್ನುವ ಎಸ್‌ಎಸ್‌ಕೆಎಂ ಇದೆ, ಅದರ ಹತ್ತಿರವೇ ನರರೋಗಕ್ಕೆಂದೇ ಇರುವ ಬಾಂಗೂರ್ ಸಂಸ್ಥೆಯೂ ಇದೆ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ.