ಸಾಣಿಕಟ್ಟೆಯ ಉಪ್ಪು ಹೇಳುವ ಪಾಠ ಕಾಲೇಜಿನಲ್ಲಿ ಏಕಿಲ್ಲ?



ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರದಲ್ಲಿ ಉಪ್ಪುನೀರು ಬಿಸಿಲಿಗೆ ಬತ್ತುವುದನ್ನು ನೀವು ಕಂಡಿದ್ದೀರಿ. ನಿನ್ನೆ ನೀರು, ಇಂದು ಹರಳು! ನಿಧಾನವಾಗಿ ಬತ್ತಿದರೆ ಹರಳು ದಪ್ಪ. ಒಲೆಯ ಮೇಲಿಟ್ಟು ಅವಸರದಿಂದ ಬತ್ತಿಸಿದರೆ ಪುಡಿ ಪುಡಿ. ಹೊನ್ನಾವರದ ಕಡೆಯ ಆಲೆಮನೆಯವರನ್ನು ಕೇಳಿ. ಪಾಕ ಎಲ್ಲಿಗೆ ನಿಂತಿತು ಎಂಬುದರ ಮೇಲೆ ಜೋನಿ ಬೆಲ್ಲವೋ ಅಚ್ಚು ಬೆಲ್ಲವೋ ಎಂಬ ತೀರ್ಮಾನ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಗೆರೆ ಒಂದಿದೆ. ಅದನ್ನು ಯಾವ ವೇಗದಲ್ಲಿ ದಾಟುತ್ತೇವೆ ಎಂಬುದೂ ಮುಖ್ಯ.

ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಇಂದು ಕೇಳುತ್ತಿರುವುದೂ ಇದೇ ಪ್ರಶ್ನೆ! ಆದರೆ ಅಲ್ಲಿ ಬಿಸಿಲಿಲ್ಲ, ಒಲೆಯಿಲ್ಲ. ಮೈನಸ್ 273.15 ಡಿಗ್ರಿ ಎಂಬ ಕಟ್ಟಕಡೆಯ ಚಳಿಗಿಂತ ಡಿಗ್ರಿಯ ಕೋಟಿಯ ಒಂದು ಪಾಲಿನಷ್ಟೇ ಮೇಲೆ ಅನಿಲವನ್ನು ಇಡುತ್ತಾರೆ. ಆಗ ಪರಮಾಣುಗಳೆಲ್ಲ ಒಂದೇ ಅಲೆಯಂತೆ ನಡೆಯುತ್ತವೆ. ಇದಕ್ಕೆ ತಳಹದಿ ಹಾಕಿದ್ದು 1924ರಲ್ಲಿ ನಮ್ಮ ಸತ್ಯೇಂದ್ರನಾಥ ಬೋಸರ ಲೆಕ್ಕ. ಅಮೆರಿಕದಲ್ಲಿ ಅದು ಕಣ್ಣಿಗೆ ಬಿದ್ದದ್ದು 1995ರಲ್ಲಿ. ಅಲ್ಲಿ ಸ್ಥಿತಿ ಬದಲಿಸುವುದು ಶಾಖವಲ್ಲ, ಕಾಂತಕ್ಷೇತ್ರ. ಇದೇ ಕ್ವಾಂಟಂ ಪ್ರಾವಸ್ಥಾ ಪರಿವರ್ತನೆ. ಹೆಸರಿಗೆ ಹೆದರಬೇಡಿ. ಬಿಸಿಯಿಲ್ಲದೆ ಹದ ಬದಲಾಗುವುದು ಎಂದು ತಿಳಿಯಿರಿ, ಸಾಕು.

2006ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ರುಬಿಡಿಯಂ ಅನಿಲದ ಸುತ್ತಲ ಕಾಂತಕ್ಷೇತ್ರವನ್ನು ಥಟ್ಟನೆ ಇಳಿಸಿದರು. ಪುಟ್ಟ ಕಾಂತಗಳಂತಿರುವ ಪರಮಾಣುಗಳು ಒಂದು ದಿಕ್ಕು ಹಿಡಿಯಲೇಬೇಕಾಯಿತು. ಎಲ್ಲವೂ ಒಮ್ಮತಕ್ಕೆ ಬರಲು ಸಮಯವೆಲ್ಲಿ? ಒಂದೊಂದು ಗುಂಪು ಒಂದೊಂದು ದಿಕ್ಕು ಹಿಡಿಯಿತು. ನಡುವೆ ಸುಳಿಗಳು ಉಳಿದವು. ಅವಸರದಲ್ಲಿ ಗೆರೆ ದಾಟಿಸಿದರೆ ಒಡಕು ಉಳಿಯುತ್ತದೆ ಎಂಬ ಈ ವಿಚಾರವನ್ನು 1976ರಲ್ಲಿ ಕಿಬಲ್ ಎಂಬ ವಿಜ್ಞಾನಿ ವಿಶ್ವದ ಹುಟ್ಟಿನ ಬಗ್ಗೆಯೇ ಹೇಳಿದ್ದರು! 2019ರಲ್ಲಿ ಇಟಲಿ, ಜರ್ಮನಿ, ಆಸ್ಟ್ರಿಯಾಗಳಲ್ಲಿ ಡಿಸ್ಪ್ರೋಸಿಯಂ, ಎರ್ಬಿಯಂ ಎಂಬ ಬಲವಾದ ಕಾಂತಗುಣದ ಪರಮಾಣುಗಳ ಅನಿಲ ಇನ್ನೂ ವಿಚಿತ್ರ ಸ್ಥಿತಿಗೆ ಹೊರಳಿತು. ಹರಳಿನಂತೆ ಸಾಲುಗಟ್ಟಿ ನಿಂತೂ ತಡೆಯಿಲ್ಲದೆ ಹರಿಯುವ ಸ್ಥಿತಿ ಅದು.

ಇದರಿಂದ ನಮಗೇನು ಎನ್ನುತ್ತೀರಾ? 2023ರಲ್ಲಿ ಕೇಂದ್ರ ಸರ್ಕಾರ ಕ್ವಾಂಟಂ ಮಿಷನ್‌ಗೆ ಸುಮಾರು 6,000 ಕೋಟಿ ರೂಪಾಯಿ ಒಪ್ಪಿದೆ. ಅದು ನಿಮ್ಮ ತೆರಿಗೆಯ ಹಣ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸುವ ಕೆಲಸ ನಡೆದಿದೆ. ಆ ಬಾಗಿಲಿಗೆ ಭಟ್ಕಳದ ಮೀನುಗಾರರ ಮಗಳು ಹೋಗುವುದು ಬೇಡವೇ?

ಹೋಗುವುದು ಹೇಗೆ? ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಪಿಯು ವಿಜ್ಞಾನ ತರಗತಿಯಲ್ಲಿ ಪಾಠವೆಲ್ಲ ಥಟ್ಟನೆ ಇಂಗ್ಲಿಷು. ಅಲ್ಲೂ ಒಡಕು ಉಳಿಯುತ್ತದೆ! ಜಾಣ ಮಗುವೂ "ಇದು ನನ್ನಿಂದಾಗದು" ಎಂದು ಕೈಚೆಲ್ಲುತ್ತದೆ. ನೀಟ್ ಪರೀಕ್ಷೆ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇವೆ. ಪ್ರಶ್ನೆ ಕೇಳಲು ಒದಗುವ ಕನ್ನಡ ಪಾಠ ಹೇಳಲು ಒದಗದೇ?

ಇಂಗ್ಲಿಷ್ ಬೇಡವೆನ್ನುತ್ತಿಲ್ಲ. ದಾಟುವುದು ನಿಧಾನವಾಗಲಿ ಎನ್ನುತ್ತಿದ್ದೇವೆ. ಮೊದಲ ವರ್ಷ ಎರಡೂ ಭಾಷೆಯಲ್ಲಿ ವಿವರಣೆ ಸಿಗಲಿ. ಭೌತಶಾಸ್ತ್ರದ ಮೇಷ್ಟ್ರುಗಳು ಮಕ್ಕಳನ್ನು ಒಂದು ದಿನ ಸಾಣಿಕಟ್ಟೆಗೆ ಕರೆದೊಯ್ಯಲಿ, ಅಲ್ಲಿಂದ ಕ್ವಾಂಟಂವರೆಗೆ ಬರಲಿ. ಪಾಲಕರೇ, ಮುಂದಿನ ಸಭೆಯಲ್ಲಿ ಪ್ರಾಚಾರ್ಯರನ್ನು ಇಷ್ಟು ಕೇಳಿ. ನೀವು ಕೇಳದೆ ಯಾರೂ ಕೊಡುವುದಿಲ್ಲ!