ಪೇಟೆಯ ಅಂಗಳಕ್ಕೆ ಹಸಿರು: ಗಿರಾಕಿ ಯಾರ ಕೈಗೆ?



ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಬಸ್ಸಿನ ಕಿಡಕಿಯಿಂದ ಹೊರಗೆ ನೋಡಿರಿ. ರಾಯಾಪುರ, ನವಲೂರು, ಸತ್ತೂರಿನ ಆಸುಪಾಸು ಪೇರಲ ತೋಟ, ಜೋಳದ ಹೊಲ ಇದ್ದ ಎಷ್ಟೋ ಕಡೆ ಈಗ ಪ್ಲಾಟಿನ ಕಲ್ಲುಗಳು ನಿಂತಿವೆ. 2018ರಲ್ಲಿ ಓಡಲು ಸುರುವಾದ ಚಿಗರಿ ಬಸ್ಸಿಗಾಗಿ ರಸ್ತೆ ಅಗಲ ಮಾಡುವಾಗ ಹಳೆಯ ಸಾಲುಮರಗಳೂ ಹೋದವು. ಹೀಗೆ ಹಸಿರು ಹೋದ ಜಾಗದಲ್ಲಿಯೇ ಹಸಿರು ಮಾರುವ ಹೊಸ ಧಂದೆ ಬೆಳೆಯುತ್ತಲಿದೆ. ಲೇಔಟು ಮಾಡಿದವರು ಉದ್ಯಾನಕ್ಕೆ ಜಾಗ ಬಿಡಲೇಬೇಕು. ಮನೆ ಕಟ್ಟಿದವರಿಗೆ ಅಂಗಳದಲ್ಲಿ ಹುಲ್ಲುಹಾಸು ಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಐ.ಐ.ಟಿ.ಯಂಥ ದೊಡ್ಡ ಆವರಣಗಳಿಗೆ ಗಿಡಗಳೂ ಬೇಕು, ಅವನ್ನು ನೋಡಿಕೊಳ್ಳುವ ಮಂದಿಯೂ ಬೇಕು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ರಾಜ್ಯದ ಮಂತ್ರಿಮಂಡಳ ಒಪ್ಪಿದೆ. ಎರಡು ಪಾಲಿಕೆಗಳಾದರೆ ಉದ್ಯಾನದ ಕೆಲಸದ ಟೆಂಡರುಗಳೂ ಎರಡು ಕಡೆಯಿಂದ ಹೊರಡುವವು.

ಈ ಕೆಲಸ ಯಾರಿಗೆ ಸಿಗುತ್ತಲಿದೆ ಎಂಬುದನ್ನು ನೀವು ವಿಚಾರ ಮಾಡಬೇಕು. ಆಂಧ್ರದಲ್ಲಿ ರಾಜಮಹೇಂದ್ರಿಯ ಹತ್ತಿರ, ಗೋದಾವರಿಯ ಸೀಮೆಯಲ್ಲಿ ಕಡಿಯಂ ಎಂಬ ಊರಿದೆ. ಅಲ್ಲಿ ಹಳ್ಳಿಗೆ ಹಳ್ಳಿಯೇ ನರ್ಸರಿ. ಅಲ್ಲಿಯ ಗಿಡಗಳು ಲಾರಿಯಲ್ಲಿ ಕುಳಿತು ದೇಶದ ಮೂಲೆ ಮೂಲೆಗೆ ಹೋಗುತ್ತವೆ, ಕರ್ನಾಟಕಕ್ಕೂ ಬರುತ್ತವೆ. ಬೇಲಿಯ ಗಿಡದಿಂದ ಹಿಡಿದು ಆಳೆತ್ತರದ ಮರದವರೆಗೆ ನೂರಾರು ಬಗೆ ಒಂದೇ ಕಡೆ ಸಿಕ್ಕು, ಒಂದೇ ಲಾರಿ ತುಂಬುತ್ತದೆ. ಗುತ್ತಿಗೆದಾರನಿಗೆ ಬೇಕಾದದ್ದೂ ಅದೇ. ನಮ್ಮ ಕಡೆ ಒಬ್ಬನಲ್ಲಿ ಮಾವಿನ ಕಸಿ, ಇನ್ನೊಬ್ಬನಲ್ಲಿ ಸೇವಂತಿಗೆ, ಮೂರನೆಯವನಲ್ಲಿ ತೆಂಗಿನ ಸಸಿ. ಮೂರು ಊರು ತಿರುಗುವ ತಾಳ್ಮೆ ಯಾವ ಗುತ್ತಿಗೆದಾರನಿಗೂ ಇರುವದಿಲ್ಲ.

ಈ ಗುತ್ತಿಗೆದಾರ ಮೊದಲು ಗಿರಾಕಿಯನ್ನು ಹೇಗೆ ಹಿಡಿಯುತ್ತಾನೆ? ರಸ್ತೆಯ ಬದಿಗೆ ಬೋರ್ಡು ಹಚ್ಚಿದ ಮಾತ್ರಕ್ಕೆ ಯಾರೂ ಬರುವದಿಲ್ಲ. ಮನೆಯ ಗೋಡೆ ಏಳುತ್ತಿರುವಾಗಲೇ ಆತ ಎಂಜಿನಿಯರನ ಪರಿಚಯ ಮಾಡಿಕೊಂಡಿರುತ್ತಾನೆ. ಮನೆಯ ಯಜಮಾನ "ಮುಂದಿನ ಅಂಗಳಕ್ಕೆ ಏನು ಮಾಡುವದು?" ಎಂದು ಕೇಳುವ ದಿವಸ ಎಂಜಿನಿಯರನ ಬಾಯಿಗೆ ಬರುವದು ಇವನ ಹೆಸರೇ. ಕರೆದ ಮರುದಿವಸವೇ ಬರುತ್ತಾನೆ, ನೋಡಿದ್ದಕ್ಕೆ ರೊಕ್ಕ ಕೇಳುವದಿಲ್ಲ. ಟೇಪು ಹಿಡಿದು ಅಳೆಯುತ್ತಾನೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ನೀರು ಎಲ್ಲಿಂದ, ಮನೆಯಲ್ಲಿ ಗಿಡ ನೋಡಿಕೊಳ್ಳುವವರು ಯಾರು ಎಂದು ವಿಚಾರಿಸುತ್ತಾನೆ. ಮೂರು ದಿವಸದೊಳಗೆ ಒಂದು ನಕಾಶೆ, ಕಲಮುವಾರು ದರಪಟ್ಟಿ ತಂದು ಕೊಡುತ್ತಾನೆ. ತಾನು ಹಿಂದೆ ಮಾಡಿದ ಕೆಲಸದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸುತ್ತಾನೆ. ಅವರಲ್ಲಿ ಜಾಣನಾದವನು ಫೋಟೋಕ್ಕೆ ನಿಲ್ಲದೆ, ಎರಡು ವರ್ಷ ಹಿಂದೆ ತಾನು ಮಾಡಿದ ಅಂಗಳಕ್ಕೇ ಗಿರಾಕಿಯನ್ನು ಕರೆದೊಯ್ದು ಆ ಮನೆಯವರ ಕೂಡ ಮಾತಾಡಿಸುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿದಂತೆಯೇ. ದರ ಹತ್ತು ಪ್ರತಿಶತ ಹೆಚ್ಚಾದರೂ ಗಿರಾಕಿ ಬಿಟ್ಟು ಹೋಗುವದಿಲ್ಲ.

ಪೇಟೆಯವನಿಗೆ ಗಿಡದ ಬೆಲೆಗಿಂತ ಗಿಡ ಸತ್ತೀತೆಂಬ ಅಂಜಿಕೆಯೇ ದೊಡ್ಡದು. ಆ ಅಂಜಿಕೆಯನ್ನು ತೆಗೆದವನಿಗೆ ಕೆಲಸ. ಆದ್ದರಿಂದ "ಮೂರು ತಿಂಗಳೊಳಗೆ ಒಣಗಿದ ಗಿಡಕ್ಕೆ ಬೇರೆ ಗಿಡ" ಎಂದು ಕಾಗದದಲ್ಲಿ ಬರೆದುಕೊಡುತ್ತಾರೆ. ಅದರ ಬೆನ್ನಿಗೆ ತಿಂಗಳ ಆರೈಕೆಯ ಕರಾರು. ನಿಜವಾದ ಗಳಿಕೆ ಈ ಕರಾರಿನಲ್ಲಿಯೇ ಇದೆ. ಗಿಡ ಹಚ್ಚಿದ ರೊಕ್ಕ ಒಮ್ಮೆ ಬರುತ್ತದೆ, ಆರೈಕೆಯದು ತಿಂಗಳು ತಿಂಗಳು ಬರುತ್ತದೆ. ಅದರ ಹೊರತಾಗಿ, ಗೋಡೆಯ ಆಚೆಯಿಂದ ನೋಡುತ್ತಿರುವ ನೆರೆಮನೆಯವರೇ ಮುಂದಿನ ಗಿರಾಕಿಗಳು.

ಆದರೆ ಈ ಧಂದೆಯಲ್ಲಿ ಒಂದು ದೊಡ್ಡ ಕುಂದೂ ಇದೆ. ವಾಸ್ತುಶಾಂತಿಯ ದಿವಸಕ್ಕೆ ಅಂಗಳ ಹಸಿರಾಗಿ ಕಾಣಬೇಕೆಂದು ದೂರದ ನೆರಳುಮನೆಯಲ್ಲಿ ಬೆಳೆದ ಗಿಡಗಳನ್ನು ತಂದು ನಿಲ್ಲಿಸುತ್ತಾರೆ. ಬಂದ ಬೀಗರು ಹೊಗಳಿ ಹೋಗುತ್ತಾರೆ. ಏಪ್ರಿಲ್ ಬಿಸಿಲಿಗೆ ಅರ್ಧ ಗಿಡ ಸುಟ್ಟು ಹೋಗುತ್ತವೆ. ಹುಬ್ಬಳ್ಳಿಯ ಪೂರ್ವಕ್ಕೆ ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ. ಬಸಿಗಾಲುವೆ ತೆಗೆಯದೆ, ಮರಳು ಬೆರೆಸದೆ, ನೆಲ ಎತ್ತರಿಸದೆ ಅದರ ಮೇಲೆ ಹುಲ್ಲು ಹಾಸಿದರೆ ಎರಡನೆಯ ಮಳೆಗೆ ಕೊಳೆಯುತ್ತದೆ. ಧಾರವಾಡದ ಪಡುವಣಕ್ಕೆ ಕೆಂಪು ನೆಲ, ಅಲ್ಲಿ ಇದೇ ಹುಲ್ಲು ಸುಖವಾಗಿ ಹಬ್ಬುತ್ತದೆ. ಇನ್ನು ನೀರಿನ ಮಾತು. ಅವಳಿ ನಗರ ಕುಡಿಯುವದು ಮಲಪ್ರಭೆಯ ನೀರು, ನಲ್ಲಿಗಾಗಿ ದಿವಸಗಟ್ಟಲೆ ಕಾದ ಅನುಭವ ಇಲ್ಲಿಯ ಅನೇಕ ಓಣಿಗಳಿಗಿದೆ. ಅಂಥಲ್ಲಿ ಅಂಗಳದ ತುಂಬ ಹುಲ್ಲು ಹಾಸಿಕೊಡುತ್ತೇನೆ ಎನ್ನುವವನು ಗಿರಾಕಿಗೆ ಮೋಸ ಮಾಡಿದಂತೆಯೇ ಸರಿ. ಕಣಗಿಲೆ, ಕಾಗದದ ಹೂವು, ದಾಸವಾಳ, ಪಾರಿಜಾತ, ಬದಿಗೊಂದು ಬೇವು ಅಥವಾ ಹೊಂಗೆ ಎಂದು ಸಲಹೆ ಕೊಡುವವನೇ ಹತ್ತು ವರ್ಷ ಊರಲ್ಲಿ ಹೆಸರು ಉಳಿಸಿಕೊಳ್ಳುವವನು.

ಈ ಮಣ್ಣಿನ ತಿಳುವಳಿಕೆ ನಿಮ್ಮಲ್ಲಿ ಹುಟ್ಟಿನಿಂದಲೇ ಇದೆ. ಆದರೂ ಈ ವ್ಯವಹಾರದಲ್ಲಿ ನೀವು ಮಾರುತ್ತಿರುವದು ಏನು? ಟ್ರ್ಯಾಕ್ಟರಿನ ಲೆಕ್ಕದಲ್ಲಿ ತಿಪ್ಪೆಗೊಬ್ಬರ, ಹೊಲದ ಮೇಲ್ಮಣ್ಣು. ಗೊಬ್ಬರವನ್ನು ಮಾರುವದಾದರೆ ನಿಮ್ಮ ಹೊಲಕ್ಕೆ ಸಾಕಷ್ಟು ಹಾಕಿ ಉಳಿದದ್ದನ್ನು ಮಾರಿರಿ. ಮೇಲ್ಮಣ್ಣನ್ನು ಮಾತ್ರ ಯಾವ ದರಕ್ಕೂ ಕೊಡಬೇಡಿರಿ. ಅದು ಎಮ್ಮೆಯ ಹಾಲು ಮಾರುವದಲ್ಲ, ಎಮ್ಮೆಯ ಕೆಚ್ಚಲು ಕೊಯ್ದು ಮಾರುವದು. ಪ್ಲಾಟಿಗೆ ಹೊಲ ಕೊಟ್ಟು ಬಂದ ರೊಕ್ಕ ಕರಗಿದ ಮೇಲೆ, ಅದೇ ಹೊಲದ ಉದ್ಯಾನದಲ್ಲಿ ದಿನಗೂಲಿಯ ಮೇಲೆ ಕುರ್ಚಿಗಿ ಹಿಡಿದು ಕರಿಕೆ ಸಮ ಮಾಡುತ್ತಿದ್ದ ಹಿರಿಯರೊಬ್ಬರನ್ನು ನಾವು ಕಂಡಿದ್ದೇವೆ. "ಮೊದಲ ಇದನ್ನ ಕಿತ್ತು ಬದುವಿಗೆ ಒಗೀತಿದ್ವಿರಿ, ಈಗ ನೀರು ಹಾಕಿ ಬೆಳಸ್ತೀವಿ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಹಾಗಾದರೆ ಏನು ಮಾಡಬಹುದು? ನೋಡಿದ್ದನ್ನೇ ಜನ ಕೊಳ್ಳುತ್ತಾರೆಂಬುದು ಈ ರಾಜ್ಯದಲ್ಲಿ ಹಳೆಯ ಪಾಠ. 1908ರಲ್ಲಿ ಬರೋಡಾದಿಂದ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಒಂದು ಮರ ಹೂ ಬಿಟ್ಟು ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರ ನೆಡಿಸಿದರು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಮನೆಯಲ್ಲಿ ಕುಂಡ ಇಟ್ಟುಕೊಂಡರು. ನಮ್ಮಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವಿದೆ. ಅಲ್ಲಿಗೆ ನೀವು ಕೊಳ್ಳುವವರಾಗಿ ಹೋಗುತ್ತೀರಿ, ಮಾರುವವರಾಗಿ ಹೋಗುವವರು ಕಡಿಮೆ. ಪೇಟೆಯ ಮಂದಿ ಕುಟುಂಬಸಮೇತ ಬರುವ ಜಾಗ ಅದು. ಊರಿನ ಐದಾರು ಮಂದಿ ಕೂಡಿ, ಒಬ್ಬರು ಬೇಲಿಯ ಗಿಡ, ಒಬ್ಬರು ಹುಲ್ಲು, ಒಬ್ಬರು ಹೂಗಿಡ, ಒಬ್ಬರು ನೆರಳಿನ ಮರ ಎಂದು ಹಂಚಿಕೊಂಡು ಬೆಳೆದರೆ ಕಡಿಯಂನ ಲಾರಿಗೆ ಉತ್ತರ ಕೊಡಬಹುದು. ರಸ್ತೆಗೆ ತಗುಲಿದ ಯಾರದಾದರೂ ಹೊಲದ ಒಂದು ಗುಂಟೆಯಲ್ಲಿ ಮನೆಯ ಅಂಗಳದ ನಮೂನೆ ಮಾಡಿಡಿರಿ. ಬೋರ್ಡಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಲೆಕ್ಕದಲ್ಲಿ ಮಾತ್ರ ಬಿಗಿಯಾಗಿರಿ. ನೂರು ಗಿಡ ಒಪ್ಪಿಕೊಂಡರೆ ನೂರಾಹದಿನೈದು ಬೆಳೆಸಿರಿ, ಬದಲಿ ಗಿಡದ ಖರ್ಚನ್ನು ದರದಲ್ಲಿಯೇ ಹಿಡಿಯಿರಿ. ಅರ್ಧ ರೊಕ್ಕ ಮುಂಗಡ ಬಾರದೆ ಗಿಡ ಏರಿಸಬೇಡಿರಿ. ಲೇಔಟಿನವರು "ಪ್ಲಾಟು ಮಾರಿದ ಮೇಲೆ ಕೊಡುತ್ತೇವೆ" ಎಂದರೆ ಕೈ ಮುಗಿದು ಎದ್ದು ಬನ್ನಿರಿ. ಪಾಲಿಕೆಯ ಕೆಲಸಕ್ಕೆ ಟೆಂಡರು, ಠೇವಣಿ ಎಲ್ಲ ಬೇಕು, ಬಿಲ್ಲು ಬರುವವರೆಗೆ ತಡೆಯುವ ಶಕ್ತಿಯೂ ಬೇಕು, ಅದು ಮೊದಲ ವರ್ಷದ ಮಾತಲ್ಲ. ಗುತ್ತಿಗೆದಾರನ ಕೈಕೆಳಗೆ ಕೆಲಸ ಹಿಡಿದರೂ ಬರವಣಿಗೆಯ ಆರ್ಡರು ಇಲ್ಲದೆ ಗುಂಡಿ ತೋಡಬೇಡಿರಿ. ಬರಿ ಸಸಿ ಮಾರಿದರೆ ಜಿ.ಎಸ್.ಟಿ. ಇಲ್ಲ. ಅಂಗಳ ಮಾಡಿಕೊಡುವ ಗುತ್ತಿಗೆ ಬೇರೆ ಲೆಕ್ಕ, ವಹಿವಾಟು ಬೆಳೆದಂತೆ ತಿಳಿದವರನ್ನು ಕೇಳಿಕೊಳ್ಳಿರಿ.

ಗಿರಾಕಿ ಗಿಡ ಕೇಳುವದು ಮೊದಲ ಮಳೆ ಬಿದ್ದ ವಾರ. ಆಗ ಬೀಜ ಹುಡುಕಿದರೆ ಆಗುವದಿಲ್ಲ. ದಾಸವಾಳ, ಕಾಗದದ ಹೂವಿನ ಕಡ್ಡಿಗಳನ್ನು ಈ ಮಳೆಗಾಲದಲ್ಲಿಯೇ ಚೀಲಕ್ಕೆ ಊರಿದರೆ ಮುಂದಿನ ಜೂನಿಗೆ ಮಾರಲು ಯೋಗ್ಯವಾದಾವು. ಅಷ್ಟರೊಳಗೆ ಧಾರವಾಡಕ್ಕೆ ಹೋದಾಗ, ನಿಮ್ಮೂರ ದಾರಿಯಲ್ಲಿ ಮನೆ ಕಟ್ಟಿಸುತ್ತಿರುವ ಎಂಜಿನಿಯರು ಯಾರೆಂದು ವಿಚಾರಿಸಿ ಬನ್ನಿರಿ.