ಅಭಿಮಾನಕ್ಕೆ ಜನವುಂಟು, ಅಧ್ಯಯನಕ್ಕೆ ಅನ್ನವಿಲ್ಲ

2025ನೆಯ ಇಸವಿಯ ಮೇ 24ರಂದು ಚೆನ್ನೈ ನಗರದಲ್ಲಿ ನಡೆದ ಚಲನಚಿತ್ರ ಸಮಾರಂಭವೊಂದರಲ್ಲಿ ನಟ ಕಮಲ ಹಾಸನ್ ಅವರು, ಅತಿಥಿಯಾಗಿ ಬಂದಿದ್ದ ನಮ್ಮ ಶಿವರಾಜಕುಮಾರ್ ಅವರನ್ನು ಉದ್ದೇಶಿಸಿ, ಕನ್ನಡವು ತಮಿಳಿನಿಂದ ಹುಟ್ಟಿ ಬಂದುದೆಂಬ ಅರ್ಥದ ಮಾತನ್ನಾಡಿದ ಮೇಲೆ ಕರ್ನಾಟಕದಲ್ಲಿ ಎದ್ದ ಕೋಲಾಹಲವನ್ನು ಓದುಗರು ಮರೆತಿರಲಾರರು. ಕ್ಷಮೆ ಕೇಳಬೇಕೆಂಬ ಆಗ್ರಹ, ಕೇಳೆನೆಂಬ ಹಟ, ಅವರ 'ಥಗ್ ಲೈಫ್' ಚಿತ್ರವು ಈ ರಾಜ್ಯದ ಪರದೆಗಳನ್ನು ಕಾಣದೆ ಹೋದುದು, ಉಚ್ಚ ನ್ಯಾಯಾಲಯದ ವಿಚಾರಣೆ, ಅಲ್ಲಿಂದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದುದು, ಇವೆಲ್ಲ ಹೆಚ್ಚುಕಡಮೆ ಒಂದು ತಿಂಗಳೊಳಗೆ ನಡೆದು ಮುಗಿದವು. ತಾವೇನು ಇತಿಹಾಸಕಾರರೋ, ಭಾಷಾವಿಜ್ಞಾನಿಯೋ ಎಂದು ಉಚ್ಚ ನ್ಯಾಯಾಲಯವು ಆ ನಟರನ್ನು ಪ್ರಶ್ನಿಸಿತೆಂಬ ಸುದ್ದಿ ಬಂದ ದಿನ, ನಮ್ಮ ಬಳ್ಳಾರಿ ಸೀಮೆಯ ಕುರುಗೋಡಿನ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದಿ ಹೇಳಿ ಸಂತೋಷಪಟ್ಟವರನ್ನು ನಾನು ಬಲ್ಲೆನು. ಪ್ರಶ್ನೆಯೇನೋ ಯೋಗ್ಯವಾದುದೇ. ಆದರೆ ಭಾಷಾವಿಜ್ಞಾನಿಯೊಬ್ಬನು ಬೇಕೆನಿಸಿದಾಗ ಒದಗುವಂತೆ ಈ ನಾಡು ಏನು ಏರ್ಪಾಡು ಮಾಡಿಟ್ಟಿದೆಯೆಂದು ಆ ಗದ್ದಲದಲ್ಲಿ ಕೇಳಿದ ದನಿ ನನ್ನ ಕಿವಿಗೆ ಬೀಳಲಿಲ್ಲ.

ಕನ್ನಡವು ತಮಿಳಿನ ಮಗಳೆಂಬ ಮಾತಿಗೆ ಉತ್ತರ ನೂರಾರು ಪುಟಗಳಲ್ಲಿ ಅಡಗಿ ಕುಳಿತಿರುವ ರಹಸ್ಯವಲ್ಲ. ದ್ರಾವಿಡ ಭಾಷೆಗಳ ಧ್ವನಿವ್ಯತ್ಯಾಸವನ್ನು ಒಂದು ವಾರ ಓದಿದ ಎಂ.ಎ. ವಿದ್ಯಾರ್ಥಿಯೂ ಅದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲನು. ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ'. ನಮ್ಮ 'ಗೆಯ್', ಹಳೆಯ ರೂಪದಲ್ಲಿ 'ಕೆಯ್', ತಮಿಳಿನಲ್ಲಿ 'ಚೆಯ್'. ನಮ್ಮ 'ಕಿರು' ಅಲ್ಲಿ 'ಚಿಱು'. ಆದರೆ ತಮಿಳಿನ 'ಚೇರ್' ಎಂಬುದಕ್ಕೆ ನಮ್ಮಲ್ಲಿರುವುದು 'ಕೇರು' ಅಲ್ಲ, 'ಸೇರು'. ಕನ್ನಡವು ತಮಿಳಿನಿಂದಲೇ ಇಳಿದು ಬಂದುದಾಗಿದ್ದರೆ, ಅದೇ ಸ್ವರಗಳಿಗೆ ಮೊದಲು ನಿಂತ ಒಂದೇ ಚಕಾರವು ಒಂದೆಡೆ ಕಕಾರವಾಗಿಯೂ ಇನ್ನೊಂದೆಡೆ ಸಕಾರವಾಗಿಯೂ ಏಕೆ ಒಡೆಯಿತೆಂಬುದಕ್ಕೆ ಯಾವ ನಿಯಮವನ್ನೂ ಕೊಡಲಾಗದು. ಮೂಲದಲ್ಲಿ ಕಕಾರ, ಚಕಾರಗಳೆರಡೂ ಬೇರೆ ಬೇರೆಯಾಗಿಯೇ ಇದ್ದು, ತಮಿಳು ಕಾಲಾಂತರದಲ್ಲಿ ಇಕಾರ ಎಕಾರಗಳಿಗೆ ಮೊದಲು ಬರುವ ಕಕಾರವನ್ನು ಚಕಾರವಾಗಿಸಿಕೊಂಡಿತು, ಕನ್ನಡವು ಅದನ್ನು ಹಾಗೆಯೇ ಕಾಪಾಡಿಕೊಂಡಿತು ಎಂದರೆ ಮಾತ್ರ ಎಲ್ಲವೂ ಸುಸಂಗತವಾಗುತ್ತದೆ. ಅಂದರೆ ಇವೆರಡೂ ಒಬ್ಬ ತಾಯಿಯ ಮಕ್ಕಳು; ಈ ಒಂದು ವಿಷಯದಲ್ಲಿ ಹಳೆಯ ಚಹರೆಯನ್ನು ಉಳಿಸಿಕೊಂಡಿರುವುದು ನಮ್ಮದು. ಇನ್ನು ಹಲವು ವಿಷಯಗಳಲ್ಲಿ ಹಳೆಯದನ್ನು ಉಳಿಸಿಕೊಂಡದ್ದು ತಮಿಳೇ, ಮತ್ತು ಅದನ್ನು ಒಪ್ಪಿಕೊಳ್ಳುವುದರಿಂದ ನಮಗೇನೂ ಕುಂದಿಲ್ಲ. ಉದಾಹರಣೆಗೆ, ನಮ್ಮಲ್ಲಿ ಪಕಾರವು ಹಕಾರವಾಗಿ 'ಪಾಲ್' ಎಂಬುದು 'ಹಾಲು' ಆದುದನ್ನು ನಮ್ಮ ಶಾಸನಗಳೇ ಹೇಳುತ್ತವೆ. ಹನ್ನೆರಡನೆಯ ಶತಮಾನದ ಕಲ್ಲುಗಳಲ್ಲಿ ಎರಡು ರೂಪಗಳೂ ಬೆರೆತು ನಿಲ್ಲುತ್ತವೆ. ಆ ಶತಮಾನದಲ್ಲಿ ಸಿಂದ ಮನೆತನದವರು ಆಳಿದ ಈ ಕುರುಗೋಡಿನಲ್ಲಿಯೇ ಅಂಥ ಶಾಸನಗಳಿವೆ. ಮದ್ರಾಸು ಪ್ರಾಂತದ ಕನ್ನಡ ಶಾಸನಗಳನ್ನು 1939ರಲ್ಲಿ ಸಂಪುಟವಾಗಿ ಅಚ್ಚು ಹಾಕಿದಾಗ ಬಳ್ಳಾರಿ ಸೀಮೆಯ ಕಲ್ಲುಗಳೇ ಅದರಲ್ಲಿ ಪುಟಗಟ್ಟಲೆ ತುಂಬಿದ್ದವು.

ಇಷ್ಟನ್ನು ಹೇಳಲು ದೂರದರ್ಶನದ ವಾಹಿನಿಗಳಲ್ಲಿ ಕಂಡವರು ಬಹುತೇಕ ನಟರು, ನಿರ್ಮಾಪಕರು, ಪಕ್ಷಗಳ ವಕ್ತಾರರು, ಸಂಘಟನೆಗಳ ನಾಯಕರು. ಅವರ ಅಭಿಮಾನವನ್ನು ನಾನು ಶಂಕಿಸುವುದಿಲ್ಲ. ಆದರೆ ಒಬ್ಬ ನಟನು ತನಗೆ ಸಂಬಂಧಿಸದ ಶಾಸ್ತ್ರವನ್ನು ಮಾತನಾಡಿದನೆಂದು ದೂರುತ್ತ, ಆ ಶಾಸ್ತ್ರವನ್ನು ಅಷ್ಟೇ ಅರಿಯದ ಮತ್ತೊಬ್ಬರಿಂದ ಉತ್ತರ ಕೊಡಿಸಿದುದು ಎಂಥ ನ್ಯಾಯ? ಅದಕ್ಕೆ ಕೇವಲ ಐದು ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯು ಕನ್ನಡದ ಪ್ರಶಸ್ತಿಯನ್ನು ಘೋಷಿಸಿದ್ದು ನುಡಿಯ ಬಗೆಗಿನ ಗ್ರಂಥಕ್ಕೇ; ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಕೆ. ವಿ. ನಾರಾಯಣ ಅವರ 'ನುಡಿಗಳ ಅಳಿವು' ಎಂಬ ಗ್ರಂಥಕ್ಕೆ. ಬೀದಿಗಿಳಿದವರಲ್ಲಿ ಅದನ್ನು ಕೈಯಲ್ಲಿ ಹಿಡಿದವರೆಷ್ಟು ಮಂದಿಯೆಂದು ಊಹಿಸಲು ಕಷ್ಟವಿಲ್ಲ.

ನಮ್ಮಲ್ಲಿ ಈ ವಿದ್ಯೆಗೆ ಪರಂಪರೆ ಇಲ್ಲದೆ ಇಲ್ಲ. ಹಳೆಯ ವೈಯಾಕರಣ ಕೇಶಿರಾಜನನ್ನು ಬಿಟ್ಟು ಈಚಿನವರನ್ನೇ ಹೇಳುವುದಾದರೆ, ಕಿಟ್ಟೆಲರ ಕೋಶವು 1894ರಲ್ಲಿ ಬಂದಿತು; ಎ. ಎನ್. ನರಸಿಂಹಯ್ಯನವರು ಪ್ರಾಚೀನತಮ ಶಾಸನಗಳ ವ್ಯಾಕರಣವನ್ನು 1941ರಲ್ಲಿಯೂ, ಜಿ. ಎಸ್. ಗಾಯಿಯವರು ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು 1946ರಲ್ಲಿಯೂ ಪ್ರಕಟಿಸಿದರು; ಕವಿಯೆಂದು ಲೋಕವೇ ಬಲ್ಲ ಎ. ಕೆ. ರಾಮಾನುಜನ್ ಅವರು 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದುದು ಕನ್ನಡದ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ. ಪುಣೆಯ ಡೆಕ್ಕನ್ ಕಾಲೇಜು ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡ, ಗುಲ್ಬರ್ಗ ಕನ್ನಡಗಳನ್ನು 1960ರ ದಶಕದಲ್ಲಿಯೇ ಒಂದೊಂದಾಗಿ ವರ್ಣಿಸಿ ಅಚ್ಚು ಹಾಕಿತು. ಗಮನಿಸಬೇಕಾದುದೇನೆಂದರೆ, ಇವರಲ್ಲಿ ಹೆಚ್ಚಿನವರು ಲಂಡನ್ನು, ಪುಣೆ, ಅಮೆರಿಕಗಳಿಗೆ ಹೋಗಿ, ಪರರ ಅನ್ನದಿಂದ ಈ ವಿದ್ಯೆಯನ್ನು ಕಲಿತವರು. ನೆರೆಹೊರೆಯವರು ಈ ಕಾಲದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಅಣ್ಣಾಮಲೈ ವಿಶ್ವವಿದ್ಯಾಲಯವು ಭಾಷಾವಿಜ್ಞಾನದ ದೊಡ್ಡ ಕೇಂದ್ರವಾಗಿ ಬೆಳೆಯಿತು, ತಿರುವನಂತಪುರದಲ್ಲಿ ದ್ರಾವಿಡ ಭಾಷಾವಿಜ್ಞಾನಕ್ಕೆಂದೇ ಸಂಸ್ಥೆಯೊಂದು ತಲೆಯೆತ್ತಿತು, ಹೈದರಾಬಾದಿನಿಂದ ಭದ್ರಿರಾಜು ಕೃಷ್ಣಮೂರ್ತಿಯವರು 2003ರಲ್ಲಿ ಇಡೀ ಕುಟುಂಬದ ಚರಿತ್ರೆಯನ್ನೇ ಬರೆದರು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆಯೆಂದು ನಾವು ಹೆಮ್ಮೆ ಪಡುವೆವಾದರೂ, ಅದನ್ನು ಸ್ಥಾಪಿಸಿದುದೂ ಸಾಕುತ್ತಿರುವುದೂ ಕೇಂದ್ರ ಸರ್ಕಾರ.

ಇನ್ನು ಈ ಸೀಮೆಯಿಂದ ಹೊರಟ ವಿದ್ಯಾರ್ಥಿಯ ಗತಿಯನ್ನು ನೋಡೋಣ. ಕುರುಗೋಡಿನಿಂದ ಕಂಪ್ಲಿಯ ದಾರಿ ಹಿಡಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ದೂರವೇನಲ್ಲ. ಅದು 1991ರಲ್ಲಿ ಹುಟ್ಟಿದುದೇ ಸಂಶೋಧನೆಗಾಗಿ. ಅಂಥ ಸಂಸ್ಥೆಯಲ್ಲಿ ಸಹಾಯಧನದ ಬಾಕಿಗಾಗಿ ಪರಿಶಿಷ್ಟ ಜಾತಿ, ಪಂಗಡಗಳ ಸಂಶೋಧನಾರ್ಥಿಗಳು ಧರಣಿ ಕುಳಿತ ಸುದ್ದಿಯನ್ನೂ, ವಿದ್ಯುತ್ ಬಿಲ್ಲು ಕಟ್ಟಲು ಹಣವಿಲ್ಲದೆ ವಿಶ್ವವಿದ್ಯಾಲಯವು ಸರ್ಕಾರದ ಮುಂದೆ ಕೈಯೊಡ್ಡಿದ ಸುದ್ದಿಯನ್ನೂ ನಾವು ಪತ್ರಿಕೆಗಳಲ್ಲಿ ಓದಿದೆವು, ಓದಿ ಪುಟ ಮಗುಚಿದೆವು. ಆಗ ಯಾವ ಚಿತ್ರಮಂದಿರದ ಮುಂದೆಯೂ ಜನ ಸೇರಲಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಎಂಬ ಕಿರಿಯ ಸಂಶೋಧನಾ ಸಹಾಯಧನವನ್ನು ಗೆದ್ದವನಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಉಂಟು. ಅದನ್ನು ಗೆಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೇರಿದವನಿಗೆ 8,000 ರೂಪಾಯಿ. ರಾಜ್ಯದ ವಿಶ್ವವಿದ್ಯಾಲಯದಲ್ಲಿದ್ದರೆ ಅಷ್ಟರ ಭರವಸೆಯೂ ಇಲ್ಲ. ಬಂದೀತೆಂಬ ಹಣಕ್ಕೂ ಹಾಜರಾತಿ ಪತ್ರ, ಪ್ರಗತಿ ವರದಿ, ಮಾರ್ಗದರ್ಶಕರ ಸಹಿ, ವಿಭಾಗದ ಮುದ್ರೆ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಜಾತಿ ಪ್ರಮಾಣಪತ್ರದ ಜೆರಾಕ್ಸ್, ಇವೆಲ್ಲವನ್ನು ದಾರದಲ್ಲಿ ಪೋಣಿಸಿ ಕೊಟ್ಟು, ಕಡತವು ಯಾವ ಮೇಜಿನಲ್ಲಿದೆಯೆಂದು ವಿಚಾರಿಸುತ್ತ ಅಲೆಯುವ ಮಗನನ್ನು ಕಂಡು, ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವ ತಾಯಿಯು 'ಇನ್ನೂ ಎಷ್ಟ್ ವರ್ಷ ಓದ್ತೀಯಪ್ಪ' ಎಂದು ಕೇಳಿದರೆ ಅವಳಿಗೆ ಕೊಡಲು ಉತ್ತರವಾವುದು?

ಓದು ಮುಗಿದ ಮೇಲಾದರೂ ಹಾದಿ ಸುಗಮವಾಯಿತೇ ಎಂದರೆ ಅದೂ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳ ನೇಮಕಾತಿ ಪ್ರಕಟಣೆಗಳಲ್ಲಿ ಭಾಷಾವಿಜ್ಞಾನವೆಂಬ ವಿಷಯದ ಹೆಸರನ್ನು ಕಾಣುವುದೇ ಅಪರೂಪ. ಉಳಿದುದು ಅತಿಥಿ ಉಪನ್ಯಾಸಕನ ಬಾಳು. ಅಂಥ ಹತ್ತು ಸಾವಿರಕ್ಕೂ ಮಿಕ್ಕ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿಗಳನ್ನು ತೊರೆದು ಸೇವಾ ಭದ್ರತೆಗಾಗಿ ವಾರಗಟ್ಟಲೆ ಹೋರಾಡಿದುದು ಎಲ್ಲರಿಗೂ ತಿಳಿದಿದೆ. ಸಂವಿಧಾನದ 371ಜೆ ವಿಧಿಯು ಕಲ್ಯಾಣ ಕರ್ನಾಟಕದವರಿಗೆ ಹುದ್ದೆಗಳನ್ನು ಮೀಸಲಿಟ್ಟಿದೆಯೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಹುದ್ದೆಯೇ ಇಲ್ಲದ ವಿಷಯದಲ್ಲಿ ಮೀಸಲಾತಿಯಿಂದ ಬಂದ ಭಾಗ್ಯವೇನು? ಕನ್ನಡದ ಅಧ್ಯಾಪಕರೂ ಇದರಲ್ಲಿ ನಿರ್ದೋಷಿಗಳಲ್ಲ. ಕನ್ನಡ ಎಂ.ಎ.ಯಲ್ಲಿ ಭಾಷಾವಿಜ್ಞಾನವೆಂಬುದು ಬಹುಕಾಲದಿಂದ ಒಂದು ಪತ್ರಿಕೆಯ ಹೆಸರಾಗಿ ಉಳಿದಿದೆ. ಧ್ವನಿಮಾ, ಆಕೃತಿಮಾ ಎಂದು ಎರಡು ಲಕ್ಷಣಗಳನ್ನು ಕಂಠಪಾಠ ಮಾಡಿ ಬರೆದವನು ತೇರ್ಗಡೆಯಾಗುತ್ತಾನೆ, ತನ್ನ ಊರಿನ ಮಾತನ್ನು ಒಂದು ದಿನವೂ ಕಿವಿಗೊಟ್ಟು ಕೇಳಿ ಬರೆದುಕೊಳ್ಳದೆ.

ಆದರೂ ಕೇಳುವವರು ಇದ್ದಾರೆ. ಬಳ್ಳಾರಿಯ ಬಾಡಿಗೆ ಕೋಣೆಯೊಂದರಲ್ಲಿ, ಕನ್ನಡವನ್ನು ಗಣಕಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ತೊಡಗಿದ್ದ ಸಂಶೋಧನಾರ್ಥಿಯೊಬ್ಬರ ಪಕ್ಕದಲ್ಲಿ ನಾನು ಒಂದು ಮಧ್ಯಾಹ್ನ ಕುಳಿತಿದ್ದೆನು. ಪರದೆಯ ಮೇಲೆ ನಮ್ಮ ಕಡೆಯ ಒಂದು ಮಾತು: 'ಬರಾಕತ್ತಿದ್ನಂತ'. ಅದನ್ನು ಆಕೆ ಬಿಡಿಸಿದ ಬಗೆ ನೋಡುವಂತಿತ್ತು. ಮೊದಲು 'ಬರು' ಎಂಬ ಧಾತು. ಮುಂದೆ 'ಆಕ', ಬರಲಿಕ್ಕೆ ಎಂಬುದರ ನಮ್ಮ ರೂಪ. ಅದರ ಬೆನ್ನಿಗೆ ಹಕಾರವನ್ನು ಕಳೆದುಕೊಂಡ 'ಹತ್ತು', ಕ್ರಿಯೆ ನಡೆಯುತ್ತಿದೆಯೆಂದು ಸೂಚಿಸಲು. ಅನಂತರ 'ಇದ್ದ', ಭೂತಕಾಲಕ್ಕೆ. ನಕಾರವೊಂದು, ಬರುತ್ತಿದ್ದವನು ಗಂಡಸೆಂದೂ ಒಬ್ಬನೆಂದೂ ತಿಳಿಸಲು. ಕಡೆಗೆ 'ಅಂತ', ಇದು ನಾನು ಕಂಡದ್ದಲ್ಲ, ಕೇಳಿದ್ದು ಎನ್ನಲು. ಒಂದು ಉಸಿರಿನ ಮಾತಿಗೆ ಆರು ತುಂಡು, ಪ್ರತಿ ತುಂಡಿಗೂ ಒಂದು ಗುರುತು. ಇಂಥವು ಸಾವಿರಾರು ಆಗಬೇಕು. ತಪ್ಪು ಗುರುತು ಹಾಕಿದರೆ ಯಂತ್ರವು ಆ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ಆಕೆಗೆ ಆ ತಿಂಗಳೂ ಸಹಾಯಧನ ಬಂದಿರಲಿಲ್ಲ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟುತ್ತಿದ್ದರು.

ಇಂಥ ಕೆಲಸ ಇನ್ನು ಏತಕ್ಕೆ, ಬೃಹತ್ ಯಂತ್ರಗಳು ತಾವೇ ಓದಿ ತಾವೇ ಕಲಿಯುವ ಕಾಲವಿದು, ವೈಯಾಕರಣನನ್ನು ಹೊರಗಿಟ್ಟಷ್ಟೂ ಅವು ಚುರುಕಾಗುತ್ತವೆ ಎಂದು ಬೆಂಗಳೂರಿನ ಕೆಲವು ತಂತ್ರಜ್ಞರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಇಂಗ್ಲಿಷಿನ ವಿಷಯದಲ್ಲಿ ಅದು ಬಹುಮಟ್ಟಿಗೆ ಸಿದ್ಧವಾಗಿಯೇ ಹೋಗಿದೆ. ಆದರೆ ಇಂಗ್ಲಿಷಿಗೆ ಓದಿ ಮುಗಿಯದಷ್ಟು ಬರಹವುಂಟು. 2011ರ ಜನಗಣತಿಯ ಪ್ರಕಾರ ನಾಲ್ಕು ಕೋಟಿ ಮೂವತ್ತೇಳು ಲಕ್ಷ ಜನರ ತಾಯ್ನುಡಿಯಾದ ಕನ್ನಡಕ್ಕೆ ಅಂತರಜಾಲದಲ್ಲಿರುವ ಬರಹ ಅದರ ಲೇಶಾಂಶವೂ ಅಲ್ಲ, ಇರುವುದರಲ್ಲಿಯೂ ಪತ್ರಿಕೆಯ ಕನ್ನಡ, ಆದೇಶಗಳ ಕನ್ನಡವೇ ಹೇರಳ. ಕುರುಗೋಡು, ಸಿರುಗುಪ್ಪಗಳಲ್ಲಿ ತೆಲುಗಿನೊಡನೆ ಹೆಣೆದುಕೊಂಡು ಜನರ ಬಾಯಲ್ಲಿ ಓಡಾಡುವ ಕನ್ನಡವನ್ನು ಬರೆದಿಟ್ಟವರೇ ಕಡಮೆಯಾಗಿರುವಾಗ ಯಂತ್ರವು ಅದನ್ನು ಎಲ್ಲಿಂದ ಓದೀತು? ಕೇಂದ್ರ ಸರ್ಕಾರವು ಭಾರತೀಯ ಭಾಷೆಗಳ ಗಣಕ ಸಂಸ್ಕರಣೆಗಾಗಿ 2022ರಲ್ಲಿ 'ಭಾಷಿಣಿ'ಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯು ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳ ಮಾತನ್ನು ಸಂಗ್ರಹಿಸುವ ಸಂಕಲ್ಪ ಮಾಡಿತು. ಇವು ಸ್ತುತ್ಯವಾದ ಉದ್ಯಮಗಳು. ಆದರೆ ಧ್ವನಿಯನ್ನು ಮುದ್ರಿಸಿಕೊಂಡು ಹೋದ ಮೇಲೆ, ಅದರಲ್ಲಿ ಯಾವುದು ನಮ್ಮ ಸೀಮೆಯ ರೂಪ, ಯಾವುದು ತೆಲುಗಿನ ಪ್ರಭಾವ, ಯಾವುದು ಬರಿಯ ನಾಲಗೆಯ ತೊಡರು ಎಂದು ವಿವೇಚಿಸಬಲ್ಲವರು ಬೇಡವೇ? ರೈತ ಮಹಿಳೆಯೊಬ್ಬಳು ಫೋನಿಗೆ ತನ್ನ ಮಾತಿನಲ್ಲಿ ಕಾಲುವೆಯ ನೀರಿನ ಸರದಿ ಯಾವಾಗೆಂದು ಕೇಳಿದಾಗ ಅದಕ್ಕೆ ತಿಳಿಯದೆ ಹೋದರೆ, ನಷ್ಟ ಆಕೆಯದು. ಅವಳು ಪುಸ್ತಕದ ಕನ್ನಡ ಕಲಿತು ಬರಲಿ ಎಂದು ಯಂತ್ರದ ಪರವಾಗಿ ವಕೀಲಿ ಮಾಡುವವರು ಕನ್ನಡದ ಮಿತ್ರರೆಂದು ನಾನು ತಿಳಿಯಲಾರೆ.

ಬಿತ್ತುವ ಕಾಲದಲ್ಲಿ ಬೀಜಕ್ಕೆ ಕಾಸು ಬಿಚ್ಚದೆ, ಸುಗ್ಗಿಯಲ್ಲಿ ರಾಶಿ ಯಾರದೆಂದು ಬಡಿಗೆ ಹಿಡಿದು ನಿಲ್ಲುವ ಗೌಡನಂತೆ ನಾವು ವರ್ತಿಸುತ್ತಿದ್ದೇವೆ. ಈ ಜಿಲ್ಲೆಯವರಿಗಂತೂ ಇದು ಒಪ್ಪುವ ನಡತೆಯಲ್ಲ. ಬಳ್ಳಾರಿಯು ಯಾವ ರಾಜ್ಯಕ್ಕೆ ಸೇರಬೇಕೆಂಬ ವಿವಾದದಲ್ಲಿ ಇಲ್ಲಿ ಕನ್ನಡಿಗರೆಷ್ಟು, ತೆಲುಗರೆಷ್ಟು ಎಂದು ಆಯೋಗಗಳು ಎಣಿಸಿ ತೂಗಿದವು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಅದಕ್ಕಾಗಿ ಹೋರಾಡಿದ ರಂಜಾನ್ ಸಾಬರು ಪ್ರಾಣವನ್ನೇ ತೆತ್ತರು. ಜನ ಯಾವ ನುಡಿಯಾಡುತ್ತಾರೆಂಬ ಪ್ರಶ್ನೆಯಿಂದಲೇ ಗಡಿಯನ್ನು ಪಡೆದ ಜಿಲ್ಲೆಗೆ, ಆ ನುಡಿಯನ್ನು ಓದುವ ನಾಲ್ವರನ್ನು ಸಾಕುವುದು ಭಾರವಾಗಬಾರದು.

ಹಣವಿಲ್ಲವೆಂಬ ನೆಪವೂ ಸಲ್ಲದು. ಗಣಿಗಾರಿಕೆಯಿಂದ ಬರುವ ಜಿಲ್ಲಾ ಖನಿಜ ನಿಧಿಯ ನಿಯಮಗಳಲ್ಲಿ ಶಿಕ್ಷಣವು ಆದ್ಯತೆಯ ಬಾಬತ್ತೇ ಆಗಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಗಳ ಘೋಷಣೆ ಆಯವ್ಯಯದಲ್ಲಿ ಆಗಿಹೋಗಿದೆ. ಈ ಹಣದಲ್ಲಿ ಕಟ್ಟಡ ಕಟ್ಟಿ, ಕಟ್ಟಡಕ್ಕೆ ಬಣ್ಣ ಬಳಿದು, ಬಣ್ಣದ ಮೇಲೆ ಹೆಸರು ಬರೆಸುವುದರ ಜೊತೆಗೆ, ಭಾಷಾವಿಜ್ಞಾನ ಮತ್ತು ಭಾಷಾ ಸಂಸ್ಕರಣೆಯನ್ನು ಕೈಗೊಂಡ ಈ ಪ್ರದೇಶದ ಸಂಶೋಧನಾರ್ಥಿಗಳಿಗೆ ಜೆ.ಆರ್.ಎಫ್.ಗೆ ಸಮನಾದ ಸಹಾಯಧನವನ್ನು ಪ್ರತಿ ತಿಂಗಳ ಮೊದಲ ವಾರದಲ್ಲಿ ಖಾತೆಗೇ ಜಮಾ ಮಾಡಬಹುದು. ಹಂಪಿಯ ಸಂಶೋಧನಾರ್ಥಿಗಳ ಬಾಕಿಯೇನಾದರೂ ಉಳಿದಿದ್ದರೆ ಮೊದಲು ಅದನ್ನು ತೀರಿಸಬಹುದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಮತ್ತು ಗಣಕವಿಜ್ಞಾನ ವಿಭಾಗಗಳೆರಡಕ್ಕೂ ಸೇರಿದ ಒಂದಾದರೂ ಕಾಯಂ ಹುದ್ದೆಯನ್ನು ಸೃಜಿಸಬಹುದು. 2025ರ ಆ ಜೂನ್ ತಿಂಗಳಿನಲ್ಲಿ ಕನ್ನಡದ ಮಾನಕ್ಕಾಗಿ ಹೇಳಿಕೆ ಕೊಟ್ಟ ನಮ್ಮ ಭಾಗದ ಶಾಸಕರೂ ಸಂಘಟನೆಗಳ ಮುಖಂಡರೂ ಮುಂದಿನ ಆಯವ್ಯಯದ ಪುಸ್ತಕವನ್ನು ತೆರೆದು, ಇವುಗಳಲ್ಲಿ ಯಾವುದಕ್ಕೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ರೂಪಾಯಿ ಬರೆಸಿದ್ದೇವೆಂದು ಕುರುಗೋಡಿನ ಜನಕ್ಕೆ ತೋರಿಸಲಿ.